ಮಗ್ಗದ ಗುಂಡಿಯ ಗಾಳಿ

೧೬ ಜೂನ್ ೨೦೨೫, ಸೋಮವಾರ. ಬೆಳಿಗ್ಗೆ ೬-೪೦

ಬಾವಿಯಿಂದ ಎರಡು ಕೊಡ ಸೇದಿದ್ದಾಯಿತು. ಪತ್ರಿಕೆ ಓದಿದ್ದಾಯಿತು. ಕೆಂಪು ಪೆನ್ನಿಗೆ ಇಂದು ಕೆಲಸ ಹೆಚ್ಚು — ಮೊದಲ ಪುಟದಲ್ಲಿಯೇ ನಾಲ್ಕು ತಪ್ಪು. ಮೊದಲೆಲ್ಲ ಸಂಪಾದಕರಿಗೆ ಕಾರ್ಡು ಬರೆಯುತ್ತಿದ್ದೆ. ಈಗ ತಿದ್ದಿ, ಮಡಿಸಿ, ಇಟ್ಟುಬಿಡುತ್ತೇನೆ.

ಕಾಫಿಯ ಹೊತ್ತಿಗೆ ಸರಿಯಾಗಿ ಪಕ್ಕದ ಪಾಪಣ್ಣನವರ ಮನೆಯಲ್ಲಿ ಮಗ್ಗ ಆರಂಭ. ಆ ಶಬ್ದ ಗೋಡೆಯಿಂದ ಬರುವುದಿಲ್ಲ, ನೆಲದಿಂದ ಬರುತ್ತದೆ. ಗುಂಡಿ ಮಗ್ಗವಲ್ಲವೇ — ನೆಲದಲ್ಲಿ ಸೊಂಟದಷ್ಟು ಆಳಕ್ಕೆ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಕುಳಿತು ನೇಯುವುದು. ಒಂದೊಂದು ಏಟೂ ನನ್ನ ಅಂಗಾಲಿಗೆ ತಿಳಿಯುತ್ತದೆ. ಮೊಳಕಾಲ್ಮೂರಿನ ಈ ಓಣಿಗೆ ಬಂದು ಇಪ್ಪತ್ತೆರಡು ವರ್ಷ. ಗಡಿಯಾರ ನೋಡಿ ಕಾಫಿ ಕುಡಿದ ದಿನವಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸೌಂದರ್ಯ ನೀರಿಗೆ ಬಂದಳು. ಪಾಪಣ್ಣನವರ ಸೊಸೆ, ನನ್ನ ಶಿಷ್ಯೆ, ಏಳನೆಯ ತರಗತಿಯಲ್ಲಿ ಪ್ರಬಂಧಕ್ಕೆ ಮೊದಲ ಬಹುಮಾನ ಪಡೆದವಳು. ಈಗ ನಾಲ್ಕು ತಿಂಗಳ ಬಸುರಿ. ಬೆಳಿಗ್ಗೆ ಮಾವ ನೇಯುತ್ತಾರೆ. ಒಂಬತ್ತರ ನಂತರ ಸಂಜೆಯವರೆಗೆ ಇವಳು. ಕೊಡ ತುಂಬಿಸಿಕೊಂಡು ನಿಂತೇ ಇದ್ದಳು. ನೀರಿನಲ್ಲಿ ಸೀಮೆಎಣ್ಣೆಯ ವಾಸನೆ ಬರುತ್ತಿದೆಯಂತೆ. ಮಗ್ಗದಲ್ಲಿ ಕುಳಿತರೆ ತಲೆ ಸುತ್ತುತ್ತದೆಯಂತೆ. ಬಸುರಿಯರಿಗೆ ಎಲ್ಲವೂ ವಾಸನೆಯೇ, ಹೋಗು, ಎಂದೆ.

ಏಳು ಮನೆ ಕುಡಿಯುವ ಬಾವಿ. ಮನೆ ಕಟ್ಟುವ ಮೊದಲು ನಾನೇ ಬಿಸಿಲಿನಲ್ಲಿ ನಿಂತು ಹೂಳು ತೆಗೆಸಿದ ಬಾವಿ. ಒಳ್ಳೆಯ ಮಳೆಯಾಗಿ ನೀರು ಎಷ್ಟು ಮೇಲೆ ಬಂದಿದೆ. ಅದರ ಬಗ್ಗೆ ಇಂಥ ಮಾತು… ಸ್ವಲ್ಪ ಕೋಪವೇ ಬಂದಿತು.

೧೯ ಜೂನ್, ಗುರುವಾರ

ಆಶಾ ಎಂಬ ಹುಡುಗಿ ಬಂದಿದ್ದಳು. ಪ್ರಯೋಗಾಲಯದವಳು. ಚಳ್ಳಕೆರೆಯಲ್ಲಿ ವಾಸ, ಹುಟ್ಟಿದ್ದು ನನ್ನಿವಾಳದಲ್ಲಿ. ಹೆಗಲ ಚೀಲದ ತುಂಬ ಕಂದು ಗಾಜಿನ ಬಾಟಲಿಗಳು. ನಮ್ಮ ಓಣಿಯ ಹಿಂದಿನ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಇತ್ತಲ್ಲ — ಮುಚ್ಚಿ ಹದಿನಾಲ್ಕು ವರ್ಷವಾಯಿತು — ಅದರ ಪಕ್ಕದಲ್ಲಿ ಮಳಿಗೆಗೆ ಪಾಯ ತೋಡುವಾಗ ಎಣ್ಣೆ ಹಿಡಿದ ಮಣ್ಣು ಬಂದಿದೆ. ಮಣ್ಣಿನಿಂದ ಬಾವಿಗಳಿಗೆ ಇಳಿದಿದೆಯೇ, ಇಳಿದಿದ್ದರೆ ಜನರಿಗೆ ಅಪಾಯವೆಷ್ಟು ಎಂದು ಅಳೆಯುವುದು ಇವಳ ಕೆಲಸ. ಸರ್ಕಾರ ವಹಿಸಿದ್ದು.

ಬಾವಿಯ ನೀರು ಬೇಕೆಂದಳು. ಲಿಖಿತ ಕೋರಿಕೆ ಕೊಡಿ ಎಂದೆ. ಕೊಟ್ಟಳು. ಐದು ಸಾಲು, ಏಳು ತಪ್ಪು. ತಿದ್ದಿ ಹಿಂದಿರುಗಿಸಿದೆ. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವಳು ಜಗಲಿಯಲ್ಲಿ ಕುಳಿತು ಮತ್ತೊಮ್ಮೆ ಬರೆದಳು. ಕೆಲಸಕ್ಕೆ ಬರುವ ಹುಡುಗಿ.

“ನೀರಿನಾಗೆ ಏನೂ ಇಲ್ಲಾಂದ್ರೆ ಒಳ್ಳೇದೇ ಮೇಡಂ,” ಎಂದಳು ಹೊರಡುವಾಗ.

ಇರುವುದಿಲ್ಲ ಎಂದೆ.

೨ ಜುಲೈ, ಬುಧವಾರ

ಇದೆ.

ಬೆಂಜೀನ್ ಎಂದು ಹೆಸರು. ಪೆಟ್ರೋಲಿನಲ್ಲಿರುವ ವಸ್ತು. ಲೀಟರಿಗೆ ಹತ್ತು ಮೈಕ್ರೋಗ್ರಾಮ್ ದಾಟಬಾರದಂತೆ. ನನ್ನ ಬಾವಿಯಲ್ಲಿ ಎಂಬತ್ತನಾಲ್ಕು. ಕಣ್ಣಿಗೆ ಕಾಣದು. ವರ್ಷಗಟ್ಟಲೆ ಮೈಯೊಳಗೆ ಹೋದರೆ ರಕ್ತವನ್ನು ಕೆಡಿಸಬಲ್ಲದು. ಹಳೆಯ ಎಣ್ಣೆ ಕೆಳಗೆ ಮಣ್ಣಿನಲ್ಲಿ ಸುಮ್ಮನೆ ಕುಳಿತಿತ್ತು. ಮಳೆಗೆ ಅಂತರ್ಜಲ ಏರಿ ಅದನ್ನು ಮುಟ್ಟಿತು. ನಾನು ಸಂಭ್ರಮಪಟ್ಟ ಅದೇ ಮಳೆ.

ಸೌಂದರ್ಯಳ ವಿಷಯ ಕೇಳಿದೆ. ಆಶಾ ಸುಳ್ಳು ಸಮಾಧಾನ ಹೇಳಲಿಲ್ಲ. ಇವತ್ತೇ ನಿಲ್ಲಿಸಲಿ, ಜಿಲ್ಲಾ ಆಸ್ಪತ್ರೆಗೆ ತೋರಿಸಲಿ, ಅಷ್ಟೆ.

ನನ್ನ ಮಾತು ಕೇಳಿ ಆ ಹುಡುಗಿ ಹದಿನಾರು ದಿನ ಇದನ್ನು ಕುಡಿದಳು. ಇಲ್ಲಿ ಬರೆದಿಡುತ್ತಿದ್ದೇನೆ. ಬಾಯಿಬಿಟ್ಟು ಹೇಳುವ ಧೈರ್ಯ ಇಂದು ಇಲ್ಲ.

ಬಾವಿಗೆ ಬೀಗ ಹಾಕಿಸಿ ಎಂದಳು ಆಶಾ. ಅಗತ್ಯವಿಲ್ಲ, ಓಣಿಯ ಅರ್ಧ ಜನ ನನ್ನ ಕೈಕೆಳಗೆ ಅಕ್ಷರ ಕಲಿತವರು, ನಾನು ಬರೆದರೆ ಸಾಕು ಎಂದೆ. ಹಲಗೆ ಬರೆದು ತೂಗುಹಾಕಿದೆ: ‘ಈ ಬಾವಿಯ ನೀರನ್ನು ಕುಡಿಯಬಾರದು. ಅಡುಗೆಗೆ ಬಳಸಬಾರದು.’ ಅಕ್ಷರಗಳು ದುಂಡಾಗಿ ಬಂದಿವೆ. ನಾಳೆಯಿಂದ ಟ್ಯಾಂಕರ್.

ಸೌಂದರ್ಯಳ ಮನೆಗೆ ಹೋಗಿದ್ದೆ. ತಪ್ಪಾಯಿತು ಎಂಬುದು ತುಟಿಯವರೆಗೆ ಬಂದು… ಟ್ಯಾಂಕರಿನ ವೇಳೆ ಹೇಳಿ ಎದ್ದು ಬಂದೆ.

೧೧ ಜುಲೈ, ಶುಕ್ರವಾರ

ಆಶಾಳ ಜೊತೆ ಏಳೂ ಮನೆ ಸುತ್ತಿದೆ. ಅವಳಿಗೆ ತೆಲುಗು ಬಾರದು. ಇಲ್ಲಿನ ಮುದುಕಿಯರು ಗಾಬರಿಯಾದರೆ ತೆಲುಗೇ. ಅವಳಲ್ಲಿ ಒಂದು ಮುದ್ರಿತ ನಮೂನೆಯಿದೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ, ಸ್ನಾನಕ್ಕೆ ಯಾವ ನೀರು, ಮನೆಯೊಳಗೆ ಎಷ್ಟು ಹೊತ್ತು, ನೆಲ ಸಿಮೆಂಟಿನದೋ ಮಣ್ಣಿನದೋ. ನಾನು ಕೇಳಿ ತುಂಬಿದೆ.

ದಾರಿಯಲ್ಲಿ ಅವಳ ವಿದ್ಯೆಯನ್ನು ವಿವರಿಸಿದಳು. “ಮೂರು ಇರಬೇಕು ಮೇಡಂ. ವಿಷ ಇರಬೇಕು, ಅದು ಬರೋಕೆ ದಾರಿ ಇರಬೇಕು, ದಾರಿ ಕೊನೇಗೆ ಮನುಷ್ಯ ಇರಬೇಕು. ಮೂರರಾಗೆ ಒಂದನ್ನ ಕಡಿದ್ರೂ ಅಪಾಯ ಇಲ್ಲ.” ಭಾಷೆ ಬಿಟ್ಟರೆ ಪಾಠ ಚೆನ್ನಾಗಿದೆ. ಮೊದಲೇ ಗೊತ್ತಿದ್ದರೆ ನಾನೂ ತರಗತಿಯಲ್ಲಿ ಹೇಳುತ್ತಿದ್ದೆ.

ಆವಿಯೂ ಒಂದು ದಾರಿ. ಮಣ್ಣಿನಿಂದ ಮೇಲೆದ್ದು ಮನೆಯೊಳಗೆ ಬರಬಹುದು. ಅದಕ್ಕೆಂದು ಕೈಯಲ್ಲಿ ಗಾಳಿಯನ್ನು ಅಳೆಯುವ ಒಂದು ಮೀಟರ್. ಪಾಪಣ್ಣನವರ ಮನೆಯ ನಡುವೆ ನಿಂತು ಎದೆಯ ಮಟ್ಟಕ್ಕೆ ಹಿಡಿದಳು. ಸೊನ್ನೆ. ಉಳಿದ ಮನೆಗಳಲ್ಲಿಯೂ ಸೊನ್ನೆ. ನೀರಿನ ದಾರಿ ಮುಚ್ಚಿದೆ, ಗಾಳಿ ಶುದ್ಧವಿದೆ, ವರದಿ ೨೧ರಂದು ಸಲ್ಲಿಕೆ.

ನೆಮ್ಮದಿಯಾಗಬೇಕಿತ್ತು. ಸೌಂದರ್ಯ ಮಾತ್ರ ಬಾಗಿಲಲ್ಲಿ ನನ್ನ ತೋಳು ಮುಟ್ಟಿ ಮೆಲ್ಲಗೆ ಹೇಳಿದಳು: ಟ್ಯಾಂಕರ್ ನೀರು ಕುಡಿಯಲು ತೊಡಗಿ ಒಂಬತ್ತು ದಿನ, ತಲೆಸುತ್ತು ಹೋಗಿಲ್ಲ, ಹೆಚ್ಚಾಗಿದೆ.

ಈ ಸಲ ಹೋಗು ಎನ್ನಲಿಲ್ಲ, ಬರೆದುಕೊಂಡೆ.

೧೭ ಜುಲೈ, ಗುರುವಾರ. ಸಂಜೆ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಇರಲಿ.

ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದೆ. ಆಷಾಢದ ಗಾಳಿ ಓಣಿಯ ತಗಡುಗಳನ್ನೆಲ್ಲ ಬಡಿಯುತ್ತಿತ್ತು. ಒಳಗೆ ಕಿಟಕಿ ಮುಚ್ಚಿ ಗೋಣಿ ಇಳಿಬಿಟ್ಟಿದ್ದರು. ನಮ್ಮ ಈ ಒಣಗಾಳಿ ತಾಗಿದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ರೇಷ್ಮೆ ಎಳೆ ಪಟಪಟನೆ ಕಡಿಯುತ್ತದೆ. ಗಾಳಿಕಾಲದಲ್ಲಿ ನೇಕಾರರು ಹೀಗೆಯೇ. ಸೌಂದರ್ಯ ಗುಂಡಿಯಲ್ಲಿ ಕಾಲಿಟ್ಟು ನೇಯುತ್ತಿದ್ದಳು. ಮಾತಿನ ನಡುವೆ ನನ್ನ ಕೆಂಪು ಪೆನ್ನು ಜಾರಿ ಗುಂಡಿಯೊಳಗೆ ಬಿದ್ದಿತು. ಬಗ್ಗಹೊರಟವಳನ್ನು ತಡೆದೆ. ಅರವತ್ತಾರನೆಯ ವಯಸ್ಸಿನಲ್ಲಿ ನೆಲದ ಮೇಲೆ ಬೋರಲು ಮಲಗಿ ಗುಂಡಿಗೆ ಕೈಯಿಳಿಸಿದೆ. ಮೂಗು ಅಂಚಿನಿಂದ ಕೆಳಗೆ ಹೋಯಿತು.

ಪೆಟ್ರೋಲ್. ಸಂದೇಹವೇ ಇಲ್ಲ. ಎದ್ದು ನಿಂತೆ — ಏನೂ ಇಲ್ಲ. ಮತ್ತೆ ಬಗ್ಗಿದೆ — ಇದೆ. ಬಾನಿಯಲ್ಲಿ ನೀರು ನಿಂತ ಹಾಗೆ ಗುಂಡಿಯಲ್ಲಿ ನಿಂತಿದೆ.

ಅದೇ ಹೊತ್ತಿಗೆ ಪಾಪಣ್ಣನವರು ಕೊಡ ಹಿಡಿದು ಬಂದು ಗುಂಡಿಯ ಗೋಡೆಗಳಿಗೆ ನೀರು ಚಿಮುಕಿಸತೊಡಗಿದರು. ತೇವಕ್ಕೆ. ಗುಂಡಿ ಒದ್ದೆಯಿದ್ದರೆ ಎಳೆ ಮೆತ್ತಗಿರುತ್ತದೆ. ಅವರ ತಾತನ ಕಾಲದಿಂದ ಹೀಗೆ. ಎಲ್ಲಿಯ ನೀರು ಎಂದು ಕೇಳಿದೆ.

“ನಿಮ್ಮ ಬಾವೀದೇ ತಲ್ಲೀ. ಟ್ಯಾಂಕರ್ ನೀರನ್ನ ಮಣ್ಣಿಗೆ ಸುರಿಯೋಕಾಗ್ತದಾ?”

ಮೊದಲು ದಿನಕ್ಕೆ ಒಂದು ಕೊಡವಂತೆ. ಈಗ ಬಾವಿಯ ನೀರಿಗೆ ಬೇರೆ ಉಪಯೋಗವಿಲ್ಲವಲ್ಲ ಎಂದು ಮೂರು. ಹಲಗೆ ನೋಡಲಿಲ್ಲವೇ ಎಂದೆ, ಧ್ವನಿ ಏರಿತ್ತು.

“ನೋಡದೇ ಏನು. ಕುಡೀಬಾರ್ದು ಅಂತ ಬರೆದೀರಿ, ಕುಡೀತಿಲ್ಲ. ಗುಂಡಿಗೆ ಹಾಕಬಾರ್ದು ಅಂತ ಎಲ್ಲಿ ಬರೆದೀರಿ ಟೀಚರಮ್ಮ?”

ಕುಹಕವಲ್ಲ. ನಿಜವಾಗಿಯೂ ಕೇಳಿದರು. ಇಡೀ ಓಣಿ ನನ್ನ ಹಲಗೆಯನ್ನು ಅಕ್ಷರಶಃ ಪಾಲಿಸಿತ್ತು.

ಸೌಂದರ್ಯಳ ಕೈಹಿಡಿದು ಮೇಲೆತ್ತಿ ನಮ್ಮ ಮನೆಗೆ ಕರೆತಂದೆ. ಒಳಕೋಣೆಯಲ್ಲಿ ಮಲಗಿದ್ದಾಳೆ. ಬಾವಿಗೆ ಬೀಗ ಹಾಕಿದೆ. ಆಶಾಳಿಗೆ ಫೋನ್ ಮಾಡಿದರೆ, ಆ ಮನೆಯಲ್ಲಿ ಸೊನ್ನೆ ಬಂದಿತ್ತಲ್ಲ ಮೇಡಂ ಎನ್ನುತ್ತಾಳೆ. ಬಂದು ಬಗ್ಗಿ ನೋಡು ಎಂದೆ.

೧೮ ಜುಲೈ, ಶುಕ್ರವಾರ

ಚಳ್ಳಕೆರೆಯಿಂದ ಮೊದಲ ಬಸ್ಸಿಗೇ ಬಂದಳು. ಮೀಟರಿಗೆ ದಾರ ಕಟ್ಟಿ ಗುಂಡಿಯೊಳಗೆ ಇಳಿಬಿಟ್ಟಳು. ಮೊಣಕಾಲು ಮಟ್ಟ ದಾಟುವ ಮೊದಲೇ ಅದು ಕೂಗಿಕೊಂಡಿತು. ಅಂಕಿ ಏರುತ್ತಲೇ ಹೋಯಿತು.

ಹುಡುಗಿ ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟಳು.

“ನಾನು ನಿಂತು ಅಳೆದೆ ಮೇಡಂ. ಅವರು ಕೂತಿರ್ತಾರೆ.”

ನನ್ನ ಹಲಗೆಯ ಕಥೆ ಅವಳಿಗೆ ಹೇಳಿದೆ. ಇಬ್ಬರೂ ಸಮವಾದೆವು.

ನಂತರ ಓಣಿಯ ಕೊನೆಯ ಕ್ಯಾತಮ್ಮನ ಮನೆ. ಅವಳ ಮಗ್ಗ ನಿಂತು ವರ್ಷವಾಗಿದೆ, ಗುಂಡಿ ಒಣಗಿ ಬಿರುಕು ಬಿಟ್ಟಿದೆ, ಒಂದು ಹನಿ ನೀರು ಹಾಕಿಲ್ಲ. ಅಲ್ಲಿಯೂ ಮೀಟರ್ ಕೂಗಿತು. ಕಡಿಮೆ, ಆದರೆ ಕೂಗಿತು. ಅಂದರೆ ನೀರಿನಿಂದಲೂ ಬರುತ್ತಿದೆ, ಮಣ್ಣಿನಿಂದಲೂ ಬರುತ್ತಿದೆ. ಈ ಆವಿ ಗಾಳಿಗಿಂತ ಭಾರ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗುಂಡಿಯೇ ಅದಕ್ಕೆ ಪಾತ್ರೆ. ಅದರ ಮೇಲೆ ಮುಖವಿಟ್ಟು ದಿನಕ್ಕೆ ಒಂಬತ್ತು ತಾಸು ಸೌಂದರ್ಯ.

ನಮೂನೆಯಲ್ಲಿ ಮನೆಯೊಳಗಿನ ಹೊತ್ತಿಗೆ ಅಂಕಣವಿದೆ. ಗುಂಡಿಗೆ ಇಲ್ಲ. ಅದನ್ನು ಮುದ್ರಿಸಿದವರು ಮಗ್ಗ ಕಂಡಿರಲಾರರು. ನಾನು ಕಂಡಿದ್ದೇನೆ, ಇಪ್ಪತ್ತೆರಡು ವರ್ಷದಿಂದ.

೨೦ ಜುಲೈ, ಭಾನುವಾರ

ಓಣಿಯವರೆಲ್ಲ ನನ್ನ ಅಂಗಳದಲ್ಲಿ ಸೇರಿದ್ದರು. ಆಶಾ ವಿಷಯ ತಿಳಿಸಿದಳು. ಮುಗಿಸುವ ಮೊದಲೇ ಸೌಂದರ್ಯಳ ಗಂಡ ರಾಘವೇಂದ್ರ ಎದ್ದು ನಿಂತ. ಗುಂಡಿ ಎಂಬ ಪದ ವರದಿಗೆ ಬಂದರೆ ಓಣಿಯಲ್ಲಿ ನಡೆಯುತ್ತಿರುವ ನಾಲ್ಕೂ ಮಗ್ಗ ನಿಲ್ಲಿಸುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ. ಒಪ್ಪಿಕೊಂಡ ಸೀರೆಗಳು ಅರ್ಧದಲ್ಲಿವೆ. ಮಣ್ಣು ಶುದ್ಧವಾಗಲು ವರ್ಷ ಹಿಡಿದರೆ ಓಣಿ ಉಳಿಯುತ್ತದೆಯೇ? ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

ಪಾಪಣ್ಣನವರು ಕೂಗಲಿಲ್ಲ. ಅದು ಇನ್ನೂ ಕಷ್ಟ. “ಟೀಚರಮ್ಮ, ಆ ಒಂದು ಸಾಲು ಬಿಟ್ಟುಬಿಡ್ರಿ,” ಎಂದರು. “ಕಿಟಕಿ ತೆಗೀತೀವಿ, ನೀರು ಹಾಕಲ್ಲ. ಸಾಲು ಮಾತ್ರ ಬೇಡ.”

ಆಗ ಹೇಳಿದೆ. ಎಲ್ಲರೆದುರು. ಈ ಹುಡುಗಿ ಜೂನ್ ಹದಿನಾರರಂದೇ ವಾಸನೆ ಎಂದಳು, ನಾನು ಗದರಿ ಕಳುಹಿಸಿದೆ, ನನ್ನ ಬಾವಿಯ ಹೆಮ್ಮೆಗೆ ಹದಿನಾರು ದಿನ ಕುಡಿಸಿದೆ, ತಪ್ಪಾಯಿತು. ಒಂದು ತಪ್ಪನ್ನು ಬಿಟ್ಟು ನಮೂನೆಗೆ ಸಹಿ ಹಾಕುವುದು ನನ್ನಿಂದಾಗದು. ಆದರೆ ಒಂಬತ್ತು ತಾಸು ಗುಂಡಿಯಲ್ಲಿರುವವಳು ನಾನಲ್ಲ. ಅವಳೇ ಹೇಳಲಿ ಎಂದೆ.

ಎಲ್ಲರೂ ಸೌಂದರ್ಯಳ ಕಡೆ ನೋಡಿದರು. ಕಂಬಕ್ಕೆ ಒರಗಿ ನಿಂತಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು, ಮಾವನ ಮುಖ ನೋಡಿಯೇ ಹೇಳಿದಳು.

“ಅದ್ರಾಗೆ ನಾನೊಬ್ಳೇ ಕೂತಿರಲ್ಲ ಮಾವ. ಬರೀರಿ ಟೀಚರಮ್ಮ.”

ನಮೂನೆಯ ಅಂಚಿನಲ್ಲಿ ಹೊಸ ಅಂಕಣ ಗೆರೆಯೆಳೆದು ಬರೆದೆ: ‘ಮಗ್ಗದ ಗುಂಡಿಯಲ್ಲಿ ಕುಳಿತಿರುವ ಹೊತ್ತು.’ ಏಳು ಮನೆಗೂ ತುಂಬಿದೆ. ಹೋಗುವಾಗ ಯಾರೂ ನನಗೆ ಬರ್ತೀವಿ ಎನ್ನಲಿಲ್ಲ.

೯ ಆಗಸ್ಟ್, ಶನಿವಾರ

ಇಪ್ಪತ್ತು ದಿನ ಬರೆಯಲಾಗಲಿಲ್ಲ. ಬರೆಯುವ ಮೇಜಿನ ಮೇಲೆ ಅಡ್ಡಕ್ಕೆ ನೇಯುವ ಹೊಕ್ಕಿನ ನೂಲಿನ ಬುಟ್ಟಿಗಳಿವೆ.

ಮಹಡಿಯಲ್ಲಿ ಟ್ಯೂಷನ್ ಹೇಳುತ್ತಿದ್ದ ಹಜಾರ ಖಾಲಿಯಿತ್ತು. ಎರಡು ಮಗ್ಗ ಅಲ್ಲಿಗೆ ಬಂದವು. ಇನ್ನೆರಡು ನೇಕಾರರ ಸೊಸೈಟಿಯ ಷೆಡ್ಡಿಗೆ. ಮಹಡಿಯಲ್ಲಿ ಗುಂಡಿ ತೋಡುವಂತಿಲ್ಲ. ರಾಘವೇಂದ್ರನೇ ಬಡಗಿ ಕಾಮಣ್ಣನನ್ನು ಕರೆತಂದು ಮರದ ಅಟ್ಟಣೆ ಕಟ್ಟಿಸಿ ಮಗ್ಗವನ್ನು ಎತ್ತರಿಸಿದ. ನನ್ನೊಡನೆ ಇನ್ನೂ ನೇರ ಮಾತಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಒದ್ದೆ ಗೋಣಿ ಹೊತ್ತು ಮೆಟ್ಟಿಲೇರಿ ಕಿಟಕಿಗೆ ಕಟ್ಟುತ್ತಾನೆ, ಟ್ಯಾಂಕರ್ ನೀರಿನಲ್ಲಿ ನೆನೆಸಿದ್ದು.

ಪಾಪಣ್ಣನವರು ಮೊದಲ ದಿನ ಅಟ್ಟಣೆ ಹತ್ತಿ ಕುಳಿತು ಕಾಲು ಅಲ್ಲಾಡಿಸಿ ನೋಡಿದರು. “ಆಕಾಶದಾಗೆ ಕೂತು ನೇಯೋಕೆ ನಾನೇನು ಹಕ್ಕಿನಾ?” ಕ್ಯಾತಮ್ಮ ಕೆಳಗಿನಿಂದಲೇ ಉತ್ತರಿಸಿದಳು: “ಗೂಡು ಕಟ್ಟು ಮತ್ತೆ.” ಓಣಿ ನಕ್ಕಿತು. ಮೂರು ವಾರದಲ್ಲಿ ಮೊದಲ ನಗು.

ಎಳೆ ಕಡಿಯುತ್ತದೆ, ನಿಜ. ಎರಡು ಸೀರೆ ಹಬ್ಬಕ್ಕೆ ಸಿಗಲಿಲ್ಲ. ಉಳಿದವು ತಲುಪಿದವು.

ಚಿತ್ರದುರ್ಗದಲ್ಲಿ ಸೌಂದರ್ಯಳ ರಕ್ತಪರೀಕ್ಷೆಯಾಯಿತು. ಸರಿಯಾಗಿದೆ. ಮಗುವಿನ ಬೆಳವಣಿಗೆ ತಿಂಗಳಿಗೆ ತಕ್ಕಂತಿದೆ. ಆದರೂ ತಿಂಗಳಿಗೊಮ್ಮೆ ಬರಲಿ ಎಂದಿದ್ದಾರೆ ಡಾಕ್ಟರ್. ತಲೆಸುತ್ತು ನಿಂತು ಹತ್ತು ದಿನ. ಇದನ್ನು ಎರಡು ಬಾರಿ ಬರೆಯಬೇಕೆನಿಸುತ್ತಿದೆ. ನಿಂತು ಹತ್ತು ದಿನ.

೧೪ ಸೆಪ್ಟೆಂಬರ್, ಭಾನುವಾರ

ಹಳೆಯ ಬಂಕಿನ ಟ್ಯಾಂಕನ್ನು ಇಂದು ಮೇಲೆತ್ತಿದರು. ತುಕ್ಕು ಹಿಡಿದು ತಳದಲ್ಲಿ ಮುಷ್ಟಿಯಷ್ಟು ತೂತು. ಬಂಕ್ ನಡೆಸುತ್ತಿದ್ದವರ ಮಗ ಎರ್ರಿಸ್ವಾಮಿ ಬಂದು ನನ್ನ ಪಕ್ಕ ನಿಂತ. ಅವನೂ ನನ್ನ ಶಿಷ್ಯನೇ, ಕೊನೆಯ ಬೆಂಚಿನವನು. ಮುಚ್ಚುವಾಗ ಟ್ಯಾಂಕ್ ಖಾಲಿ ಮಾಡಿಸಿದ್ದೇವೆ ಎಂದು ಅಪ್ಪ ಹೇಳಿದ್ದರಂತೆ. “ನಾನು ಇಳಿದು ನೋಡಲಿಲ್ಲ ಟೀಚರ್,” ಎಂದ. ಬೈಯಲು ಬಾಯಿ ತೆರೆದೆ. ನಾನು ನೋಡಿದ್ದೆನೇ? ಜೆಸಿಬಿಯವನಿಗೆ ಟೀ ತರಿಸಪ್ಪ ಎಂದಷ್ಟೇ ಹೇಳಿದೆ.

ಎಣ್ಣೆ ಹಿಡಿದ ಮಣ್ಣನ್ನು ಲಾರಿಗಳಲ್ಲಿ ಸಾಗಿಸುತ್ತಿದ್ದಾರೆ. ಓಣಿಯ ಉದ್ದಕ್ಕೂ ನೆಲಕ್ಕೆ ಕೊಳವೆ ಇಳಿಸಿ, ಮೋಟಾರಿನಿಂದ ಮಣ್ಣೊಳಗಿನ ಆವಿಯನ್ನು ಎಳೆದು ಸೋಸಿ ಬಿಡುತ್ತಾರಂತೆ. ಹಗಲಿರುಳು ಗುಂಯ್ ಎನ್ನುವ ಸದ್ದು. ಮಗ್ಗದ ಸದ್ದು ಈಗ ನನ್ನ ತಲೆಯ ಮೇಲಿನಿಂದ ಬರುತ್ತದೆ. ಅಭ್ಯಾಸವಾಗಿಲ್ಲ. ಕಾಫಿ ಮಾಡುವುದೇ ತಡವಾಗುತ್ತಿದೆ.

೨೯ ನವೆಂಬರ್, ಶನಿವಾರ

ಹೆಣ್ಣು. ಬೆಳಗಿನ ಜಾವ ನಾಲ್ಕೂಕಾಲಿಗೆ. ಎರಡು ಕಿಲೋ ಎಂಟುನೂರು. ಮಗು ಅತ್ತ ಶಬ್ದ ಆಸ್ಪತ್ರೆಯ ಗೇಟಿನವರೆಗೆ ಕೇಳಿಸಿತಂತೆ. ರಾಘವೇಂದ್ರ ನೇರವಾಗಿ ನನ್ನ ಮನೆಗೆ ಬಂದು ಹೇಳಿದ. ಬಾಗಿಲಲ್ಲಿ ನಿಂತು, ಕಣ್ಣು ಒರೆಸಿಕೊಳ್ಳುತ್ತ, “ನೀವು ಆ ಸಾಲು…” ಎಂದು ನಿಲ್ಲಿಸಿದ. ವಾಕ್ಯ ಪೂರ್ಣ ಮಾಡು ಎಂದು ನಾನು ಹೇಳಲಿಲ್ಲ. ಮೊದಲ ಬಾರಿ.

ಬಾವಿಯ ಬೆಂಜೀನ್: ಮೂವತ್ತೊಂದು.

೨೨ ಫೆಬ್ರವರಿ ೨೦೨೬, ಭಾನುವಾರ. ಬೆಳಿಗ್ಗೆ ೬-೩೦

ಬಾವಿ ಈಗ ಹತ್ತೊಂಬತ್ತು. ಹತ್ತಾಗುವವರೆಗೆ ಬೀಗ ತೆಗೆಯುವುದಿಲ್ಲ. ಕೀಲಿ ನನ್ನ ಸೊಂಟದಲ್ಲಿದೆ. ಹಲಗೆಯನ್ನು ಬದಲಾಯಿಸಿದ್ದೇನೆ. ಏಳು ಮನೆಯವರನ್ನೂ ಕೂರಿಸಿ, ಈ ನೀರನ್ನು ಯಾವ ಯಾವುದಕ್ಕೆ ಮುಟ್ಟುತ್ತೀರಿ ಎಂದು ಕೇಳಿ ಬರೆದದ್ದು. ಹನ್ನೊಂದು ಸಾಲು ಬಂದವು. ನಾನೊಬ್ಬಳೇ ಬರೆದಿದ್ದರೆ ಮೂರಾಗುತ್ತಿದ್ದವು. ಆಶಾಳ ಹೊಸ ನಮೂನೆಯಲ್ಲಿ ಗುಂಡಿಯ ಅಂಕಣ ಈಗ ಮುದ್ರಿತವಾಗಿದೆ. ಒಂದು ಪ್ರತಿ ಕಳುಹಿಸಿದ್ದಾಳೆ. ಕಾಗುಣಿತ ಸರಿಯಿದೆ.

ಪಾಪಣ್ಣನವರ ಗುಂಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಸಿಮೆಂಟು ಬಳಿದು, ಸಂದಿನಿಂದ ಆವಿ ಹೋಗಲು ಛಾವಣಿಯವರೆಗೆ ಕೊಳವೆ ಇಟ್ಟಿದ್ದಾರೆ. ಮೂರು ತಿಂಗಳು, ಮೂರು ಸಲ, ಕಿಟಕಿ ಮುಚ್ಚಿ ತಳಕ್ಕೆ ಮೀಟರ್ ಇಳಿಸಿ ಆಶಾ ಅಳೆದಳು. ನಿನ್ನೆಯದು ಮೂರನೆಯದು. ಕೂಗಲಿಲ್ಲ. ಪಾಪಣ್ಣನವರು ನಂಬದೆ, ಮೀಟರ್ ಕೆಟ್ಟಿರಬೇಕು, ಇನ್ನೊಮ್ಮೆ ಇಳಿಸಮ್ಮಾ ಎಂದರು. ಇಳಿಸಿದಳು. ಸೊನ್ನೆ.

ಸಂಜೆಯೇ ಮಗ್ಗವನ್ನು ಮಹಡಿಯಿಂದ ಇಳಿಸಿ ಕೊಂಡೊಯ್ದರು. ಇಂದು ಬೆಳಿಗ್ಗೆ ಮೊದಲ ಎಳೆ. ಬನ್ನಿ ಎಂದು ಸೌಂದರ್ಯ ಮಗುವನ್ನೆತ್ತಿಕೊಂಡು ಕರೆಯಲು ಬಂದಿದ್ದಳು. ನಾನು ಇಲ್ಲಿಂದಲೇ ಕೇಳುತ್ತೇನೆ ಎಂದೆ. ಅವಳಿಗೆ ಅರ್ಥವಾಯಿತು; ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಚಪ್ಪಲಿ ಬಿಟ್ಟಿದ್ದೇನೆ. ಅಂಗಾಲು ನೆಲಕ್ಕಿದೆ. ಕಾಫಿ ಬೆರೆಸಿಟ್ಟಿದೆ.

ಇನ್ನೂ ಇಲ್ಲ. ಹಾಸು ಬಿಗಿಯುತ್ತಿರಬೇಕು.

ಪಾಪಣ್ಣನವರು ಕೆಮ್ಮಿದರು… ಲಾಳಿ ಹುಡುಕುತ್ತಿದ್ದಾರೆ, ಇಷ್ಟೂ ಜನ ಸೇರಿ.

ಒಂದು ಏಟು. ನಿಂತಿತು.

ಮಗು ಕಣ್ಣು ಬಿಟ್ಟಿತು.

ಮತ್ತೊಂದು. ಮತ್ತೊಂದು. ನೆಲದಿಂದಲೇ ಬರುತ್ತಿದೆ, ಮೊದಲಿನ ಹಾಗೆಯೇ, ಅಂಗಾಲಿನಿಂದ ಮೇಲೆ —